ಸಂದು

ಟೈಲ್ಸ್ ಕೂರಿಸುವವರು ಗಂಡಸರು.
ಸಂದು ತುಂಬುವವಳು ನಾನು.
ಇಪ್ಪತ್ತಾರು ವರ್ಷ ಮಂಡಿಯೂರಿ
ಶಿವಮೊಗ್ಗೆಯ ಅರ್ಧ ಊರನ್ನು
ಈ ಹೆಬ್ಬೆರಳಲ್ಲಿ ಒರೆಸಿದ್ದೇನೆ.
ಗೆರೆ ಸವೆದು ಸವೆದು
ರೇಷನ್ ಅಂಗಡಿಯ ಯಂತ್ರ ಈಗ
ನೀನು ಯಾರು ಅನ್ನುತ್ತದೆ.

ಮೊನ್ನೆ ದುರ್ಗಿಗುಡಿಯಲ್ಲಿ
ಐತಾಳರ ಕಾಫಿ ಹೋಟೆಲಿನ ಮುಂಭಾಗ
ರಸ್ತೆ ಅಗಲಕ್ಕೆ ಹೋಯಿತು.
'ಒಡೀಬೇಡ ಲೂರ್ದಮ್ಮ, ಬಿಡಿಸಿ ಕೊಡು' ಅಂದರು.
ತುಂಬುವುದು ಗೊತ್ತು.
ಬಿಡಿಸುವುದು ಅದೇ ಮೊದಲು.

ಗೋಡೆಯ ಸೊಂಟದೆತ್ತರಕ್ಕೆ ನವಿಲಿನ ಸಾಲು.
ಅಂಗೈಯಗಲದ ಜಪಾನ್ ಬಿಲ್ಲೆ,
ಈಗಷ್ಟೇ ತೊಳೆದಿಟ್ಟಂಥ ಹಸಿರು.
ಐತಾಳರ ಅಜ್ಜ ಮಂಗಳೂರು ಧಕ್ಕೆಯಿಂದ
ಹುಲ್ಲಿನ ಮೆತ್ತೆಯಲ್ಲಿಟ್ಟು ತರಿಸಿದ್ದಂತೆ.
ಆಗುಂಬೆಯ ಒಂದೊಂದು ತಿರುವಿಗೂ ಗಾಡಿಯವನು
ಎತ್ತು ನಿಲ್ಲಿಸಿ ಪೆಟ್ಟಿಗೆಗೆ ಕಿವಿಗೊಡುತ್ತಿದ್ದನಂತೆ,
ಹೆರಿಗೆ ಕೋಣೆಯ ಹೊರಗೆ ನಿಂತವನ ಹಾಗೆ.

ಉಗುರು ತೂರಿಸಿ ನೋಡಿದೆ. ತೂರಲಿಲ್ಲ.
ಬಿಲ್ಲೆಗೆ ಬಿಲ್ಲೆ ಕಚ್ಚಿ ಕೂತಿದೆ.
ಆ ಕಾಲದಲ್ಲಿ ನನ್ನಂಥವಳಿಗೆ ಕೂಲಿ ಇರಲಿಲ್ಲ.

ನಮ್ಮಮ್ಮನ ಮನೆ ಶಿರಾಳಕೊಪ್ಪದ ಕಡೆ.
ಮಾಡಿಗೆ ನಾಡಹಂಚು, ಕುಂಬಾರ ರುದ್ರಪ್ಪ
ತೊಡೆಯ ಮೇಲೆ ತಟ್ಟಿ ಬಗ್ಗಿಸಿದ್ದು.
ಒಬ್ಬ ಮನುಷ್ಯನ ತೊಡೆಯ ಕೆಳಗೆ
ಎಂಟು ಜನ ಮಲಗುತ್ತಿದ್ದೆವು.
ಅಲ್ಲಿ ಸಂದೇ ಹೆಚ್ಚು, ಹಂಚು ಕಮ್ಮಿ;
ಮಂಗ ಬಂದು ಹೋದ ದಿನ
ನಕ್ಷತ್ರ ಎಣಿಸಬಹುದಿತ್ತು.

ಬಸ್ ಸ್ಟಾಂಡಿನ ಹಿಂದಿನ ಗೋಡೆಯದೂ ನನ್ನ ಕೈಕೆಲಸವೇ.
ನಿಂತು ಉಚ್ಚೆ ಹೊಯ್ಯುವವರ ಕಾಟಕ್ಕೆ
ದೇವರ ಟೈಲ್ಸ್ ಹಚ್ಚಿಸಿದರು:
ತಿಮ್ಮಪ್ಪ, ಮೆಕ್ಕಾ, ನಮ್ಮ ಏಸು.
ಕರ್ಫ್ಯೂ ಎದ್ದ ಮಾರನೆಯ ದಿನ, ನನಗೆ ನೆನಪಿದೆ,
ಪೊಲೀಸರು ಇಬ್ಬರು ನೋಡುತ್ತಾ ನಿಂತಿದ್ದರು.
ಮೂವರ ನಡುವಿನ ಸಂದಿಗೂ
ಒಂದೇ ಬಟ್ಟಲ ಬಿಳಿ ಸಿಮೆಂಟು.
ಗೋಡೆ ಇನ್ನೂ ಒಣಗೇ ಇದೆ.

ಹನ್ನೆರಡು ನವಿಲು ಬಿಡಿಸಿದೆ.
ಒಂದರ ಕೊಕ್ಕು ಮುಕ್ಕಾಯಿತು, ಐತಾಳರು ಕಂಡೂ ಕಾಣದಂತಿದ್ದರು.
ಗಲ್ಲಾಪೆಟ್ಟಿಗೆಯ ಹಿಂದೆ, ಮೂಲೆಯಲ್ಲಿ, ಹದಿಮೂರನೆಯದು.
ಉಳಿ ತಾಗಿಸಿದೆ. ಗಾರೆ ಉದುರಿತು.
ಬಿಲ್ಲೆಯಲ್ಲ. ಬಣ್ಣ.

ಯುದ್ಧ ಬಂತು, ಹಡಗು ಬರಲಿಲ್ಲ.
ಸಿನಿಮಾ ಬೋರ್ಡು ಬರೆಯುವ ಯಾವನೋ
ಎನಾಮಲ್ ಬಳಿದು, ಮೇಲೆ ವಾರ್ನಿಶ್ ಬಳಿದು,
ಗೋಡೆಗೇ ನವಿಲು ಬರೆದಿದ್ದಾನೆ.
ಸುತ್ತ ನಾಲ್ಕು ಗೆರೆ ಎಳೆದಿದ್ದಾನೆ, ಕೂದಲೆಳೆಯಷ್ಟು;
ಇಲ್ಲದ ಬಿಲ್ಲೆಗೆ
ಇಲ್ಲದ ಸಂದು.

ನಲವತ್ತು ವರ್ಷ ಅದಕ್ಕೆ ಬೆನ್ನು ಕೊಟ್ಟು
ಚಿಲ್ಲರೆ ಎಣಿಸಿದ ಐತಾಳರು
ಬಗ್ಗಿ ನೋಡಿದರು, ಕನ್ನಡಕ ತೆಗೆದು ನೋಡಿದರು.
'ಇದೂ ಬೇಕಿತ್ತಲ್ಲ' ಅಂದರು.
ಕತ್ತರಿಸಿ ತೆಗೆಯಲು ಹೋದೆ, ಮೂರು ಹೋಳಾಯಿತು.
ಗರಿಯಿದ್ದ ಹೋಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು.
ಯಾರೂ ಮಾತಾಡಲಿಲ್ಲ. ಜೆಸಿಬಿ ಬಂತು.

ಈಗಿನವು ಎರಡಡಿಗೆ ನಾಲ್ಕಡಿ, ಕನ್ನಡಿಯಂಥವು.
ಮನೆಯವರು ಅನ್ನುತ್ತಾರೆ:
ಸಂದು ಕಾಣಲೇಬಾರದು ಅಕ್ಕಾ.
ಆಯಿತು ಅನ್ನುತ್ತೇನೆ. ಬಿಡುವುದಂತೂ ಬಿಡುತ್ತೇನೆ.
ಸಂದಿಲ್ಲದೆ ಕೂರಿಸಿದ ನೆಲ
ಏಪ್ರಿಲ್ಲಿನ ಯಾವುದೋ ಮಧ್ಯಾಹ್ನ
ಪಟಾಕಿಯಂತೆ ಸಿಡಿದು ಗುಡಾರವಾಗಿ ಏಳುತ್ತದೆ.
ನಾನು ಕಂಡಿದ್ದೇನೆ. ಮಲಗಿದ್ದ ಮಗು
ನಗುತ್ತಿತ್ತು, ಪುಣ್ಯಕ್ಕೆ.

ಸೋಮವಾರ ರೇಷನ್ ಅಂಗಡಿ.
ಒರೆಸಿ ಇಡಿ ಅಂದ ಹುಡುಗ. ಒರೆಸಿ ಇಟ್ಟೆ.
ಎಣ್ಣೆ ಸವರಿ ಇಟ್ಟೆ. ನಾಲ್ಕನೆಯ ಸಲವೂ ಕೆಂಪು ದೀಪ.
ಓಟಿಪಿ ಬರುತ್ತೆ, ಪಕ್ಕಕ್ಕೆ ನಿಲ್ಲಿ.

ನಿಂತೆ. ನೆಲ ನೋಡಿದೆ.
ನಮ್ಮದೇ ಕೆಲಸ, ನಾನು ಹೊಸಬಳಾಗಿದ್ದಾಗಿನದು.
ಹೊಸ್ತಿಲ ಬಳಿ ಬಿಲ್ಲೆ ಸಾಲದೆ
ಎರಡು ಬೆರಳಗಲ ಸಿಮೆಂಟು ತುಂಬಿದ್ದೆ.
ಹಸಿಯಿದ್ದಾಗ ಒತ್ತಿದ್ದಿರಬೇಕು:
ಅಲ್ಲಿದೆ ಹೆಬ್ಬೆರಳು,
ಸುಳಿ ಸಮೇತ.
ಅದರ ಮೇಲೆ ಯಾರದೋ ಅಕ್ಕಿಯ ಚೀಲ
ಅರ್ಧ ಕೂತಿತ್ತು.