ಸೆರಗು

ಇಳಕಲ್ಲಿನ ನಮ್ಮ ಓಣ್ಯಾಗ ಸೆರಗಂದ್ರ ಕೆಂಪು.
ಒಡಲಿನ ಹಾಸಿಗೆ ಸೆರಗಿನ ಹಾಸು ಕೊಂಡಿ ಹಾಕಿ ಕೂಡ್ಸೂದು
ಹೆಂಗಸರ ಕೆಲಸ. ಒಂದೊಂದ ಎಳಿ,
ಬೆರಳ ತುದಿಗೆ ನೀರ ಹಚ್ಚಿ.

ಅಕ್ಕ ಗುರುಬಸವ್ವ ಒಂದಿನ ಕೊಂಡಿ ಹಾಕ್ತಾ
ತಲಿ ಎತ್ತದ ಅಂದ್ಲು: "ನನಗ ಬಿಳಿಸೆರಗು ಭಾಳ ಐತಿ."
ಅಷ್ಟ. ಆಕಿ ಮಾವ ಒಳಗ ಬಂದ, ಮಾತು ಹರೀತು.
ಎಳಿ ಹರದ್ರ ಗಂಟ ಹಾಕ್ತೀವಿ;
ಆ ಮಾತಿಗೆ ಯಾರೂ ಹಾಕಲಿಲ್ಲ. ನಾನೂ.

ಮೆಂತೇದ ನೀರು ಕುಡದ್ಲು, ಎರಡು ವರ್ಷ.
ಬಾಗಲಕೋಟಿ ಡಾಕ್ಟರು ಹೇಳಿದ್ದು
ಗರ್ಭಕೋಶದ ಕೊರಳಿನ ಕ್ಯಾನ್ಸರ್.
ಕೊರಳು ಅಂದದ್ದಕ್ಕ ಅವ್ವ
ಆಕಿಯ ತಾಳಿ ಸರಿಸಿ ಮುಟ್ಟಿ ನೋಡಿದ್ಲು.

ಇವತ್ತು ಶಾಲಿ ವರಾಂಡದಾಗ ಹುಡುಗ್ಯಾರ ಸಾಲು.
ಮೆಹಬೂಬಿ ಸಿಸ್ಟರ್ ನೀಲಿ ಡಬ್ಬಿ ತೆರದು
"ಇದೊಂದು ವೈರಸ್ರೀ, ಯಾರಿಗಾರ ಬರತೈತಿ, ಯಾರ ತಪ್ಪೂ ಅಲ್ಲ.
ಅದು ಬರೂಕಿಂತ ಮೊದಲ ಲಸಿಕಿ ಹೋಗಿರಬೇಕು" ಅಂದ್ಲು.
ಸಹಿ ಮಾಡೂ ಪೆನ್ನು ಹಿಡಕೊಂಡ ನನ್ನ ಗಂಡ ಕೇಳಿದ:
ಹನ್ನೆರಡರ ಹುಡುಗಿಗೆ ಈಗ್ಯಾಕ?
ನಾ ಅಂದೆ: ಸೀರಿ ನೇಯ್ದು ಮುಗಿದ ಮ್ಯಾಲ
ಕೊಂಡಿ ಹಾಕ್ತಾರೇನು?

ಶ್ರಾವಣಿ ಕಣ್ಣು ಮುಚ್ಚಿದ್ಲು, ಒಂದ ಕಣ್ಣು.
ಇರಿವಿ ಕಡದಷ್ಟ ಅಂತ. ಆಮ್ಯಾಲ ತೋಳು ನೀವಿಕೊಂತ
ಗೆಳತಿ ಕೂಡ ಕುಂಟಾಬಿಲ್ಲಿಗೆ ಓಡಿದ್ಲು.

ಸಿಸ್ಟರ್ ನನ್ನ ಕಡೆ ತಿರುಗಿದ್ಲು: "ನಿಮಗ ತಪಾಸಣಿ.
ಮಗಳಿಗೂ ಮುಂದ ವಯಸ್ಸಾದಾಗ ಮಾಡಿಸಬೇಕು.
ನೀವು ಮಂಗಳವಾರ ಬರ್ರಿ."
ನನ್ನ ತಲಿ ತಗ್ಗಿತ್ತು, ಥೇಟ್ ಅಕ್ಕನ ಹಾಂಗ.

ಎತ್ತಿದೆ.
"ಬರ್ತೀನ್ರೀ. ನನಗೂ ಬಿಳಿಸೆರಗು ಐತಿ" ಅಂದೆ,
ವರಾಂಡದ ಆ ತುದಿಗೂ ಕೇಳೂ ಹಾಂಗ.