ಐದನೆಯ ಕಲ್ಲು

ಚನ್ನಗಿರಿ ಬಸ್ಸು ಏರಿಯ ತಲೆಗೆ ಇಳಿಸಿ ಹೋದಾಗ
ಕೈಯಲ್ಲಿದ್ದದ್ದು ಒಂದೇ ಹಾಳೆ.
ದಾವಣಗೆರೆಯ ರದ್ದಿ ಅಂಗಡಿಯಲ್ಲಿ
ಹಳೇ ಪಂಚಾಂಗದೊಳಗೆ ಸಿಕ್ಕಿದ್ದು:
‘ಸೂಳೆಕೆರೆ, ಒಬ್ಬರೇ ಸುತ್ತುವವರಿಗೆ ದಾರಿ.’
ಕೆಳಗೆ ಸಹಿ, ಡ್ರಾಯಿಂಗ್ ಮಾಸ್ತರು ಹಾಲಸ್ವಾಮಿ.
ಏಳು ಕಲ್ಲಿಗೆ ಏಳು ಸೊನ್ನೆ, ಸೊನ್ನೆಯೊಳಗೆ ಅಂಕಿ,
ನೀರಿಗೆ ನೀಲಿ ಇಂಕು,
ಜೌಗಿಗೆ ಅರ್ಧ ಒರೆಸಿದ ಪಾಟಿಯ ಹಾಗೆ
ಅಡ್ಡಡ್ಡ ಗೀಟು.

ಯಾರೋ ಮಾಸ್ತರು. ಇದ್ದಾರೋ ಇಲ್ಲವೋ.
ಅಕ್ಷರ ಮಾತ್ರ ಇನ್ನೂ ಕ್ಲಾಸಿನಲ್ಲಿ ನಿಂತಿತ್ತು:
‘ಎಡಕ್ಕೆ ನೀರಿರಲಿ. ಅವಸರ ಬೇಡ.’
ಎಡಕ್ಕೆ ನೀರಿಟ್ಟುಕೊಂಡು ಹೊರಟೆ.

ಸಿದ್ಧನ ತೂಬಿನ ಬಳಿ ಒಂದನೆಯದು ಸಲೀಸಾಗಿ ಸಿಕ್ಕಿತು.
ಎರಡರ ಮೇಲೆ ಒಂದು ನೀರುಕಾಗೆ
ನೆನೆದ ಕೋಟು ಒಣಗಿಸುವ ವಕೀಲನಂತೆ
ರೆಕ್ಕೆ ಹರವಿ ಕೂತಿತ್ತು.
ಏಳಿಸಲಿಲ್ಲ. ಅದೇ ಎರಡು ಅಂತ ನಂಬಿದೆ.
ಮೂರು ಈಗ ಬಟ್ಟೆ ಒಗೆಯುವ ಕಲ್ಲು,
ನೊರೆಯಡಿ ಅಂಕಿಯ ಹೊಟ್ಟೆಯಷ್ಟೇ ಉಳಿದಿದೆ.
ಒಗೆಯುವಾಕೆ ಸೊಂಟಕ್ಕೆ ಕೈಕೊಟ್ಟು ಕೇಳಿದಳು:
“ಕೆರೆ ಅಳೆಯಾಕೆ ಬಂದೀರೇನ್ರೀ?”
ಅಲ್ಲ ಅಂದೆ.
“ಹಂಗಾರೆ ಯಾಕ್ ನಡೀತೀರಿ?”
ಹಾಳೆಯನ್ನು ತಿರುಗಿಸಿ ನೋಡಿದೆ.
ಹಿಂದೆ ಖಾಲಿ.

ನಾಲ್ಕನ್ನು ಮಾಸ್ತರು ‘ಬಂದರು’ ಎಂದು ಬರೆದಿದ್ದಾರೆ.
ಮಂಗಳೂರು ಕಂಡು ಬಂದಿದ್ದರೋ,
ಕಾಣದೆ ಆಸೆಪಟ್ಟಿದ್ದರೋ.
ಹಡಗಿಲ್ಲ, ದೀಪಸ್ತಂಭವಿಲ್ಲ,
ಟಾರು ಮೆತ್ತಿದ ಬೆನ್ನು ಬಿಸಿಲಿಗೆ ಕೊಟ್ಟು
ಕವುಚಿ ಬಿದ್ದ ಹನ್ನೊಂದು ತೆಪ್ಪ,
ಆಮೆಗಳ ಪಂಚಾಯ್ತಿ.
ಚಮನ್‌ಸಾಬ್ ತಕ್ಕಡಿ ಎತ್ತಿ
ಕಾಟ್ಲಾ ಈ ಕಡೆ, ಜಿಲೇಬಿ ಆ ಕಡೆ ಎಸೆಯುತ್ತ
ರೇಟು ಕೂಗುತ್ತಿದ್ದ.
ಉಪ್ಪಿನ ಗಾಳಿಯಿಲ್ಲದ ಈ ಬಂದರಿಗೆ
ಉಪ್ಪು ಅಂದರೆ
ಅವನ ಅಂಗಿಯ ಬೆನ್ನಿನ ಬಿಳಿ ಗೆರೆ.

ಆಮೇಲೆ ಜೌಗು.
ಚಪ್ಪಲಿ ಬಿಟ್ಟೆ.
ಹೆಜ್ಜೆ ಕಿತ್ತಾಗಲೆಲ್ಲ ನೆಲ ಲೊಚಗುಟ್ಟಿತು,
ನನ್ನ ಬಗ್ಗೆ ಏನೋ ಗೊತ್ತಿರುವ ಸೋದರತ್ತೆಯ ಹಾಗೆ.
ಜೊಂಡಿನೊಳಗೆ ಗುಟ್ಕಾ ಚೀಟಿ, ಮೊಟ್ಟೆಯ ಚಿಪ್ಪು,
ಎಲೆಯಿಂದ ಎಲೆಗೆ ಕಾಲು ಬದಲಿಸುವ ದೇವನಕ್ಕಿ.
ಅದರ ಭಾರ ಎಲೆಗೇ ಗೊತ್ತಿಲ್ಲ,
ನನ್ನದು ಮೊಣಕಾಲಿನ ತನಕ ಗೊತ್ತಾಯಿತು.
ಟಿಟ್ಟಿಭವೊಂದು ತಲೆ ಮೇಲೆ ಸುತ್ತಿ ಸುತ್ತಿ ಬೈಯಿತು.
ಇಲ್ಲೆಲ್ಲೋ ಅದರ ಮನೆ ಇದೆ,
ಹಾಳೆಯಲ್ಲಿಲ್ಲ.

‘ಐದು: ಇಲ್ಲಿ ನಿಂತು ಸುತ್ತ ನೋಡಿ.’

ಇಲ್ಲಿ ಅನ್ನುವಲ್ಲಿ ನೀರು.
ಮಾಸ್ತರು ಬಂದದ್ದು ಬತ್ತಿದ ವರ್ಷ ಇರಬೇಕು,
ನಾನು ಬಂದದ್ದು ತುಂಬಿದ ವರ್ಷ.
ಬೆರಳಿಟ್ಟು ಎಷ್ಟು ತಾಳೆ ನೋಡಿದರೂ
ಕಾಗದದ ದಡ ಒಂದು ಕಡೆ, ಕೆರೆಯ ದಡ ಒಂದು ಕಡೆ.

ಬಲೆ ಬಿಡಿಸುತ್ತಿದ್ದ ಕೆಂಚಮ್ಮ
ಹಾಳೆ ಇಸಕೊಂಡು ತಲೆಕೆಳಗೆ ಹಿಡಿದಳು.
“ಬರ್ರೀ, ಐದು ತೋರಿಸ್ತೀನಿ.”
ತೆಪ್ಪದಲ್ಲಿ ಕುಕ್ಕರಗಾಲಲ್ಲಿ ಕೂತೆ.
ನೂರು ಮಾರು ಹೋಗಿ ಹುಟ್ಟನ್ನು ನೇರ ಕೆಳಗಿಳಿಸಿದಳು:
ಟಕ್.
“ಇಗಾ, ಇದೇ. ನಮ್ ಬಲೆ ಹರಿಯೋ ಕಲ್ಲು.
ನಂಬರ್ ಐತಂತ ಯಾರಿಗ್ ಗೊತ್ತಿತ್ತು.”

ನಿಲ್ಲುವಂತಿರಲಿಲ್ಲ.
ಹುಟ್ಟು ಎತ್ತಿದ್ದೇ ತೆಪ್ಪ ತನ್ನಷ್ಟಕ್ಕೆ ತಿರುಗತೊಡಗಿತು.
ಏರಿ ಬಂತು, ಗುಡ್ಡ ಬಂತು,
ಜೊಂಡು, ಚಮನ್‌ಸಾಬನ ಕೂಗು,
ದಡದಲ್ಲಿ ಯಾರದೋ ಅನ್ನಿಸಿದ ನನ್ನ ಚಪ್ಪಲಿ,
ಮತ್ತೆ ಏರಿ.
ನಾನು ಸುತ್ತ ನೋಡಲಿಲ್ಲ, ಮಾಸ್ತರೇ.
ಸುತ್ತಲಿನದೇ ಒಂದು ಸುತ್ತು ಬಂದು
ನನ್ನನ್ನು ನೋಡಿಕೊಂಡು ಹೋಯಿತು.

ದಡಕ್ಕೆ ಬಂದ ಮೇಲೆ ಕೇಳಿದಳು:
“ಇದ್ರಾಗೆ ನಮ್ ಗುಡ್ಲು ಎಲ್ಲೈತೆ?”
ಇರಲಿಲ್ಲ.
ಒದ್ದೆ ಹೆಬ್ಬೆರಳು ನಾಲ್ಕಕ್ಕೂ ಐದಕ್ಕೂ ನಡುವೆ ಒತ್ತಿ,
“ಇಲ್ಲಿ,” ಅಂದಳು.

ಆರು, ಏಳು ಹಾಗೇ ಉಳಿದವು. ಕೊನೇ ಬಸ್ಸು ಬಂತು.
ಸಂತೇಬೆನ್ನೂರು ದಾಟುವಾಗ ಹಾಳೆ ಬಿಚ್ಚಿದೆ.
ಹೆಬ್ಬೆರಳಿನ ಒದ್ದೆ ಆರಿತ್ತು.
ಕಾಗದ ಮಾತ್ರ ಅಲ್ಲಿ ಒಂಚೂರು ಉಬ್ಬಿ ನಿಂತಿತ್ತು,
ಕೈಯಾಡಿಸಿದರೆ ಕತ್ತಲಲ್ಲೂ
ಸಿಗುವಷ್ಟು.