ಎರಡು ದಿನ, ಎರಡು ಗಂಟೆ

ಎನ್‌ಗೊಮೇನಿಯ ಮರಳು ದಿಬ್ಬದಲ್ಲಿ ನನಗೆ ರಾತ್ರಿ ಪಾಳಿ.
ಕೆಲಸ ಇಷ್ಟೇ: ಉಪಗ್ರಹ ತಲೆಯ ಮೇಲೆ ಹಾಯುವ ಹನ್ನೊಂದು ನಿಮಿಷ
ಟೇಪು ಸಿಕ್ಕಿಕೊಳ್ಳದಂತೆ, ಪೆನ್ನಿನ ಮಸಿ ಒಣಗದಂತೆ
ನೋಡಿಕೊಳ್ಳುವುದು. ಉಳಿದ ಹೊತ್ತು
ಸೊಳ್ಳೆ, ಜನರೇಟರು, ಸಮುದ್ರ.

ಅದು ಮೇಲೆ ನೋಡುವುದೇನನ್ನು, ಮೊದಲ ವಾರವೇ ಕೇಳಿದೆ.
"ಎಕ್ಸ್‌ರೇ, ನ್ಯೇವು" ಅಂದ ಬೆತ್ತೇಗ, ಇಟಲಿಯ ಎಂಜಿನಿಯರು.
ಮಾಲಿಂದಿಯ ಆಸ್ಪತ್ರೆಯಲ್ಲಿ ಒಮ್ಮೆ ನನ್ನ ಎಲುಬು ಎಣಿಸಿದ್ದರು,
ಪದ ಹೊಸತಲ್ಲ. "ಯಾರ ಎದೆಯದು?" ಅಂದೆ.
ಅವನು ನಗಲಿಲ್ಲ. ಪೆನ್ಸಿಲಿನಲ್ಲಿ ದುಂಡಗೆ ಒಂದು ದೊಡ್ಡ ಚುಕ್ಕಿ,
ಮಗ್ಗುಲಿಗೆ ಸಾಸಿವೆಯಷ್ಟು ಇನ್ನೊಂದು.
ದೊಡ್ಡದು ಸುರಿಯುತ್ತದೆ, ಚಿಕ್ಕದು ನುಂಗುತ್ತದೆ,
ನುಂಗುವಾಗ ಕಾಯುತ್ತದೆ, ಕಾದದ್ದು ಕಿರಣ ಕಾರುತ್ತದೆ.
ಕೆಳಗೆ ಬರುವುದಿಲ್ಲ ಅದು.
ನಾವು ಉಸಿರಾಡುವ ಈ ಗಾಳಿಯೇ ಅದಕ್ಕೆ ಕಲ್ಲುಗೋಡೆ.
ನೋಡಬೇಕೆಂದರೆ ಗೋಡೆ ಹತ್ತಿ ಆಚೆ ಇಣುಕಬೇಕು.

ಪೆನ್ನು ಏರುತ್ತಿತ್ತು, ಇಳಿಯುತ್ತಿತ್ತು.
ಐದು ಎಣಿಸುವುದರೊಳಗೆ ಒಂದು ಏರು. ಮತ್ತೆ ಒಂದು.
ಪಕ್ಕದ ಚಾಪೆಯಲ್ಲಿ ಗಾಢ ನಿದ್ದೆ ಹೋದವರ ಉಸಿರು
ಹಾಗೇ ಇರುತ್ತದೆ. ನನಗೆ ಗೊತ್ತು:
ಅಜ್ಜಿ ದ್ಜಾಮೆಯ ಪಕ್ಕ ಹದಿನೇಳು ವರ್ಷ ಮಲಗಿದವಳು ನಾನು.

ಒಂದು ರಾತ್ರಿ ಪೆನ್ನು ಏರಲಿಲ್ಲ.
ಉಪಗ್ರಹ ಬಂತು, ಹೋಯಿತು; ಒಂದೂವರೆ ಗಂಟೆಗೆ ಮತ್ತೆ ಬಂತು.
ಉಳಿದ ಚುಕ್ಕಿಗಳೆಲ್ಲ ಇದ್ದಲ್ಲೇ ಇದ್ದವು.
ಆ ಒಂದರ ಜಾಗದಲ್ಲಿ ಮಾತ್ರ ಗೆರೆ
ಹೊಲಿಗೆ ಬಿಚ್ಚಿದ ದಾರದಂತೆ ಉದ್ದಕ್ಕೆ ಬಿದ್ದಿತ್ತು.
ಬೆತ್ತೇಗ ಆಂಪ್ಲಿಫೈಯರಿಗೆ ಅಂಗೈಯಿಂದ ಎರಡು ಬಾರಿಸಿದ.
ಕೇಬಲ್ಲು ಕಿತ್ತು, ಊದಿ, ಮತ್ತೆ ಚುಚ್ಚಿದ.
ದಾಖಲೆ ಪುಸ್ತಕದಲ್ಲಿ ಬರೆದ: ಯಂತ್ರದೋಷ.
ಬೆಳಗಿನ ಹೊತ್ತಿಗೆ ದೋಷ ತಾನಾಗಿ ವಾಸಿಯಾಯಿತು.

ನಮ್ಮ ಗಿರಿಯಾಮರ ವಾರಕ್ಕೆ ನಾಲ್ಕೇ ದಿನ.
ಕೊನೆಯದು ಜುಂವಾ; ಅಂದು ಗುದ್ದಲಿಗೆ ಬಿಡುವು.
ಬೆತ್ತೇಗನ ಏಳು ದಿನದ ಗೋಡೆ ಕ್ಯಾಲೆಂಡರಿನಲ್ಲಿ
ಯಂತ್ರದೋಷಗಳು ಚೆಲ್ಲಿದ ಅಲಸಂದೆ ಕಾಳು.
ನಾನು ಬೆರಳಗಂಟಿನ ಮೇಲೆ ಎಣಿಸಿದೆ:
ಜುಂವಾ ಬಂದಾಗ ಒಂದು, ನಡುವೆ ಒಂದು.
ಆದರೆ ಪ್ರತಿಸಲ ತುಸು ತಡ,
ಉಬ್ಬರ ದಿನದಿಂದ ದಿನಕ್ಕೆ ತಡವಾಗುವ ಹಾಗೆ.
ಅಣ್ಣ ಮ್ವಾರಿಂಗ ಬಲೆ ಬಿಡುವುದು ಇಂಥದೇ ಲೆಕ್ಕದ ಮೇಲೆ.
ಎರಡು ದಿನ. ಎರಡು ಗಂಟೆ. ಚಿಲ್ಲರೆ ನಿಮಿಷ.
ಇಷ್ಟು ಹೊತ್ತುಗೊತ್ತು ಇಟ್ಟುಕೊಂಡ ದೋಷವನ್ನು
ನಾನೆಂದೂ ಕಂಡಿಲ್ಲ. ನಮ್ಮ ಜನರೇಟರು ಕೂಡ
ಕೆಡುವುದಕ್ಕೆ ಮುಹೂರ್ತ ನೋಡುವುದಿಲ್ಲ.

ಹೇಳಿದೆ. ಅವನು ನನ್ನ ಬೆರಳನ್ನೇ ನೋಡುತ್ತ ಕೂತ.
ಆಮೇಲೆ ಹಳೆಯ ಸುರುಳಿಗಳನ್ನು ನೆಲದ ಮೇಲೆ ಬಿಚ್ಚಿದ,
ಬಾಗಿಲ ತನಕ, ಬಾಗಿಲ ಆಚೆ, ಮರಳಿನ ತನಕ.
ಗಾಳಿಗೆ ಹಾರದಂತೆ ಶಂಖ, ಹವಳದ ಕಲ್ಲು ಹೇರಿ
ಇಬ್ಬರೂ ನಡು ಬಗ್ಗಿಸಿ, ಸಸಿ ನೆಡುವವರಂತೆ
ಹಿಂದೆ ಹಿಂದೆ ಸರಿದೆವು.
ಚಿಕ್ಕದು ಆರಿರಲಿಲ್ಲ. ದೊಡ್ಡದರ ಬೆನ್ನ ಹಿಂದೆ ಹೋಗಿತ್ತು.
ಅಲ್ಲಿಯೂ ಅದೇ ಉಸಿರಿನಲ್ಲಿ ಉರಿಯುತ್ತಿತ್ತು,
ನಮ್ಮ ಕಡೆಗಲ್ಲ, ಅಷ್ಟೆ.

ಯಂತ್ರದೋಷ ಅಂದಿದ್ದೆಡೆಯೆಲ್ಲ ಗೀಟು ಹೊಡೆದು
'ಮರೆ' ಅಂತ ತಿದ್ದಿದ. ಮೂವತ್ತೊಂದು ಕಡೆ.
ಆ ಸಂಜೆ ನನಗೊಂದು ತಣ್ಣನೆಯ ಸೋಡಾ.
ರೋಮಿಗೆ ಹೋದ ತಂತಿಯಲ್ಲಿ 'ಸ್ಥಳೀಯ ಗಣನೆ' ಎಂದಿತ್ತು.
ಬೆರಳಗಂಟು ಅಂದಿದ್ದರೆ
ತಂತಿಗೆ ಕಾಸು ಹೆಚ್ಚಾಗುತ್ತಿತ್ತೇನೋ.

ಅಜ್ಜಿಯ ವಿಷಯಕ್ಕೆ ಇದನ್ನು ಹಚ್ಚಬೇಡಿ.
ನನಗೂ ಹಚ್ಚುವ ಆಸೆ ಬಂದಿತ್ತು.
ಅವಳ ಉಸಿರು ನಿಂತ ರಾತ್ರಿಯೂ ಐದು ಎಣಿಸಿದ್ದೆ,
ಮತ್ತೆ ಐದು, ಮತ್ತೆ. ಅವಳ ಮುಂದೆ
ಯಾವ ದೊಡ್ಡ ಚುಕ್ಕಿಯೂ ಹಾಯಲಿಲ್ಲ.

ಮೂರನೆಯ ವರ್ಷ ಉಪಗ್ರಹದ ಬ್ಯಾಟರಿ ಸೋತಿತು.
ನೆರಳಿಗೆ ಹೋದರೆ ಮೌನ, ಬಿಸಿಲಿಗೆ ಬಂದರೆ ತೊದಲು.
ಜುಂವಾದ ದಿನ ತೊದಲೂ ಬರಲಿಲ್ಲ.
ಬೆತ್ತೇಗ ಪುಸ್ತಕ ತೆರೆದು ನನ್ನ ಕೈಗೇ ಪೆನ್ನು ಕೊಟ್ಟ.
ದೋಷ ಅನ್ನಲಿಲ್ಲ, ಮರೆ ಅನ್ನಲಿಲ್ಲ.
ದಿನಾಂಕ ಹಾಕಿ ಮುಂದಿನದನ್ನು ಖಾಲಿ ಬಿಟ್ಟೆ.
ಹೊರಗೆ ಇಳಿತ. ಮ್ವಾರಿಂಗನ ದೋಣಿ
ಕೆಸರಿನಲ್ಲಿ ಓರೆಯಾಗಿ ಕೂತು ನೀರಿಗೆ ಕಾಯುತ್ತಿತ್ತು.